ಮೇಲಿನಿಂದ ಮೂರನೆಯ ಗುಂಡಿ

ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು, ಬಟ್ಟೆ ಅಂಗಡಿಯ ಮುಂಗಾಜಿನ ಒಳಗೆ ಬರಿಗಾಲಲ್ಲಿ ಮಂಡಿಯೂರಿ ಕೂತಿದ್ದಾಗಲೇ ಅವಳು ಆ ಮಾತನ್ನು ತನಗೆ ತಾನೇ ಒಪ್ಪಿಕೊಂಡದ್ದು: ನನ್ನ ತಲೆಯಲ್ಲಿ ಇನ್ನೇನೂ ಉಳಿದಿಲ್ಲ. ಡೈರಿಯಲ್ಲಿ ಬರೆಯಲೂ ಹೆದರಿ ಇಷ್ಟು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತು. ಬಾಯಲ್ಲಿ ಸೂಜಿಗಳಿದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಗಟ್ಟಿಯಾಗಿ ಅಂದುಬಿಡುತ್ತಿದ್ದಳೋ ಏನೋ. ಗಾಜಿನ ನೆತ್ತಿಯ ಮೇಲೆ ಗಾಳಿಯಾಡಲೆಂದು ಉದ್ದಕ್ಕೆ ಬಿಟ್ಟ ಕಿಂಡಿಯೊಂದಿತ್ತು. ಅದರಿಂದ ಬೀದಿಯ ಮಾತು ಒಳಗೆ ಬರುತ್ತಿತ್ತು, ಒಳಗಿನದು ಬೀದಿಗೆ ಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಬಿಲ್ಲಿನಕ್ಕ ಎಚ್ಚರಿಸಿದ್ದಳು: "ಅದರೊಳಗೆ ಕೂತು ಯಾರನ್ನೂ ಬೈಕೋಬೇಡ ಕಣೇ ಗುಬ್ಬಿ. ಬೈಸ್ಕೊಂಡೋರು ಆಚೆ ನಿಂತು ಕೇಳಿಸ್ಕೋತಿರ್ತಾರೆ."

ಬಿಲ್ಲು ಹಾಕುವ ಕೌಂಟರಿನಲ್ಲಿ ಕೂರುವುದರಿಂದ ಆಕೆ ಎಲ್ಲರ ಬಾಯಲ್ಲೂ ಬಿಲ್ಲಿನಕ್ಕ. ಇವಳಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಆಕೆಯೇ. ಗುಬ್ಬಿಯಾದರೂ ಬೆಳಿಗ್ಗೆ ಎದ್ದು ಚಿಲಿಪಿಲಿ ಅನ್ನುತ್ತದೆ, ಇವಳು ಅದನ್ನೂ ಅನ್ನುವುದಿಲ್ಲ ಎಂದು ಹೇಳಿ ತಾನೇ ನಗುತ್ತಿದ್ದಳು.

ಮುಂಗಾಜಿನ ಹಿಂದೆ ಮೂರು ಬೊಂಬೆಗಳಿದ್ದವು. ಕೆಲಸವಿಲ್ಲದೆ ಹೊಸ ಬಟ್ಟೆ ತೊಟ್ಟು ನೆಟ್ಟಗೆ ನಿಂತಿರುತ್ತವೆಂದು ಅಂಗಡಿಯವರೆಲ್ಲ ಅವುಗಳನ್ನು ಅಳಿಯಂದಿರು ಎನ್ನುತ್ತಿದ್ದರು. ತಲೆಯಿಲ್ಲದ್ದು ದೊಡ್ಡಳಿಯ. ಅವುಗಳಿಗೆ ಬಟ್ಟೆ ತೊಡಿಸಿ, ಸುತ್ತ ಏನಾದರೊಂದು ಹೂಡಿ, ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಲ್ಲುವಂತೆ ಮಾಡುವುದು ಗುಬ್ಬಿಯ ಕೆಲಸ. ಡಿಗ್ರಿ ಮುಗಿಸಿ, ಯಾವುದೋ ಪರೀಕ್ಷೆಯ ಫಲಿತಾಂಶ ಬರುವವರೆಗೆ ಎಂದು ಮನೆಯಲ್ಲಿ ಹೇಳಿ ಸೇರಿಕೊಂಡದ್ದು. ಫಲಿತಾಂಶ ಬಂದು ಹೋಗಿತ್ತು. ಅವಳು ಹೋಗಿರಲಿಲ್ಲ. ಈ ಗಾಜಿನ ಪೆಟ್ಟಿಗೆಯೊಳಗೆ ಕೂತರೆ ಎದೆ ತಣ್ಣಗಿರುತ್ತದೆ ಎಂಬುದನ್ನು ಯಾರಿಗೆ ಹೇಗೆ ಹೇಳುವುದು?

ಆದರೆ ಈಚೆಗೆ ಕೈ ಕಟ್ಟಿಹೋಗಿತ್ತು. ಹಿಂದಿನ ಎರಡು ಸಲ ಪತ್ರಿಕೆಯಲ್ಲಿ ನೋಡಿದ್ದನ್ನೇ ಕದ್ದು ಹೂಡಿದ್ದಳು: ಕಾಗದದ ಹೂವು, ಉಯ್ಯಾಲೆ, ಬಣ್ಣದ ಕೊಡೆ. ಜನ ಕೊಡೆಯ ಕೆಳಗಿನ ಅಂಗಿಗಳನ್ನು ನೋಡದೆ, ಗಾಜಿನಲ್ಲಿ ತಮ್ಮ ತಲೆಗೂದಲು ಸರಿಮಾಡಿಕೊಂಡು ಮುಂದೆ ಹೋಗಿದ್ದರು. ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಯಜಮಾನರು ಅದನ್ನೆಲ್ಲ ನೋಡಿದ್ದರು.

"ನೋಡಮ್ಮಾ, ನಂಗೇನೂ ನಿನ್ ಮೇಲೆ ಕೋಪ ಇಲ್ಲ," ಎಂದಿದ್ದರು ಆ ಬೆಳಿಗ್ಗೆ, ಗಾಜಿಗೆ ಹಣೆ ತಗುಲುವಷ್ಟು ಹತ್ತಿರ ಬಂದು. "ಸೋಮವಾರ ಅಂಗಿ ಕಂಪನಿಯೋರು ಬರ್ತಾರೆ. ರಟ್ಟಿನ ಬೊಂಬೆ, ನಗೋ ಮುಖ, ಬಣ್ಣದ ಲೈಟು, ಎಲ್ಲಾ ಅವರೇ ತಂದು ನಿಲ್ಲಿಸ್ತಾರಂತೆ. ಅಷ್ಟರೊಳಗೆ ನೀನೇನಾದ್ರೂ ಮಾಡಿ ಜನ ನಿಂತು ನೋಡೋಹಾಗಾದ್ರೆ, ಬೇಡಪ್ಪಾ ಅಂತ ಹೇಳಿ ಕಳಿಸ್ತೀನಿ. ಇಲ್ದಿದ್ರೆ ನೀನು ಹಿಂದೆ ಮಡಚೋ ಮೇಜಿಗೆ ಹೋಗು. ಅದೂ ಕೆಲಸಾನೇ."

"ಸರಿ ಸರ್."

"ಸರಿ ಅಂದ್ರೆ ಯಾವುದು? ಮಾಡ್ತೀನಿ ಅಂತಲೋ, ಮಡಚ್ತೀನಿ ಅಂತಲೋ?"

ಗುಬ್ಬಿ ಸೂಜಿಗಳ ಹಿಂದಿನಿಂದ ಏನೋ ಗೊಣಗಿದಳು. ಯಜಮಾನರಿಗೆ ಕೇಳಿಸಲಿಲ್ಲ. ಅವಳಿಗೂ ಕೇಳಿಸಲಿಲ್ಲ.

ಆ ಸಂಜೆ ಅವಳು ಬಸ್ಸು ಹತ್ತಲಿಲ್ಲ. ನಡೆದೇ ಹೋಗುತ್ತೇನೆ, ಏನಾದರೂ ಸಿಕ್ಕಿಯೇ ಸಿಗಬೇಕು ಎಂದು ಹಟ ಹಿಡಿದವಳಂತೆ ಹೊರಟಳು. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೆಕ್ಕಿಕೊಂಡಳು. ಕ್ಷೌರದಂಗಡಿಯ ಮುಂದೆ ತಂತಿಯ ಮೇಲೆ ಒಣಗುತ್ತಿದ್ದ ಟವೆಲುಗಳ ಸಾಲು. ಒಂದೊಂದರ ತುದಿಯಲ್ಲೂ ಒಂದೊಂದು ಹನಿ. ಬೀಗ ರಿಪೇರಿಯವನ ಹಲಗೆಗೆ ಮೊಳೆ ಹೊಡೆದು ತೂಗುಹಾಕಿದ್ದ ಒಂಟಿ ಬೀಗದ ಕೈಗಳು. ಅಮ್ಮನ ಹೆಗಲ ಮೇಲೆ ನಿದ್ದೆಹೋದ ಮಗುವಿನ ಕಾಲಿನಿಂದ ಇನ್ನೇನು ಜಾರಲಿದ್ದ ಶೂ. ಅದರ ಹಿಂದೆ ಎರಡು ಬೀದಿ ನಡೆದಳು, ಬೀಳುತ್ತದೆಯೋ ಇಲ್ಲವೋ ನೋಡಲು. ಬೀಳಲಿಲ್ಲ. ಮಗುವಿನ ಅಮ್ಮ ಹಿಂದಕ್ಕೆ ತಿರುಗಿ ದುರುಗುಟ್ಟಿ ನೋಡಿದಳು. ಗುಬ್ಬಿ ನಾಚಿ, ಪಕ್ಕದ ಅಂಗಡಿಗೆ ನುಗ್ಗಿ, ಬೇಡದ ಸೋಪು ಕೊಂಡು ಹೊರಗೆ ಬಂದಳು.

ಮನೆಗೆ ಬಂದು ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಳು. ಬರೆದು ಓದಿದರೆ ಎಲ್ಲವೂ ಚೆನ್ನಾಗಿದ್ದವು. ಆದರೆ ಯಾವುದೂ ಅವಳದಾಗಿರಲಿಲ್ಲ. ಬೇರೆಯವರ ಮನೆಗೆ ಬಂದ ನೆಂಟರಂತೆ ಹಾಳೆಯ ಮೇಲೆ ಸಂಕೋಚದಿಂದ ಕೂತಿದ್ದವು. ಒಂದನ್ನಾದರೂ ಮನಸ್ಸಿನಲ್ಲೇ ಗಾಜಿನ ಹಿಂದೆ ಇಟ್ಟು ನೋಡಿಕೊಳ್ಳಲು ಯತ್ನಿಸಿದಳು. ದೊಡ್ಡಳಿಯ ಒಪ್ಪಲಿಲ್ಲ.

"ನಿಮ್ಮಪ್ಪನಿಗೆ ಹೇಳು, ತಟ್ಟೆ ಹಾಕಿದೀನಿ ಅಂತ," ಒಳಗಿನಿಂದ ಅಮ್ಮ ಕೂಗಿದಳು.

"ಅಪ್ಪಾ, ತಟ್ಟೆ ಹಾಕಿದಾರಂತೆ."

"ಬಂದೆ ಅಂತ ಹೇಳು."

"ಅಮ್ಮಾ, ಬಂದ್ರಂತೆ."

ಅಪ್ಪ ಕೂತಿದ್ದ ಕುರ್ಚಿಗೂ ಅಮ್ಮ ನಿಂತಿದ್ದ ಬಾಗಿಲಿಗೂ ನಡುವೆ ಒಂದು ಚಾಪೆಯಷ್ಟು ದೂರ. ಅಪ್ಪ ಬಸ್ ಡಿಪೋದಲ್ಲಿ ಬಸ್ಸುಗಳ ಹೊತ್ತು ಬರೆಯುವ ಗುಮಾಸ್ತ. ಹಿಂದೊಮ್ಮೆ ಬೇರೆ ಊರಿಗೆ ವರ್ಗವಾದಾಗ ಅಮ್ಮ ಜೊತೆಗೆ ಹೋಗಲಿಲ್ಲ. ಅಪ್ಪ ಬಾ ಎಂದು ಕರೆಯಲೂ ಇಲ್ಲ. ನೀವು ಕರೀಲಿಲ್ಲ ಎಂದು ಅಮ್ಮ, ನೀನು ಹೊರಡಲಿಲ್ಲ ಎಂದು ಅಪ್ಪ. ವರ್ಗ ಮುಗಿದು ಅಪ್ಪ, ಅಪ್ಪನ ಪೆಟ್ಟಿಗೆ, ಹಾಸಿಗೆ ಸುರುಳಿ ಎಲ್ಲ ಹಿಂದಿರುಗಿದವು. ಮಾತೊಂದು ಮಾತ್ರ ಅಲ್ಲೇ ಉಳಿದುಬಿಟ್ಟಿತು. ಆಗ ಶಾಲೆಗೆ ಹೋಗುತ್ತಿದ್ದ ಗುಬ್ಬಿ ಅವರಿಬ್ಬರ ನಡುವಿನ ಅಂಚೆಯಾದಳು. ಹೇಳು, ಅಂತೆ, ಕೇಳು, ಅಂತೆ. ಬೇರೆಯವರ ಮಾತನ್ನು ಅತ್ತಿಂದಿತ್ತ ಹೊತ್ತು ಹೊತ್ತು ತನ್ನದನ್ನು ಎಲ್ಲಿಟ್ಟೆನೋ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಬಂದವಳು ಕೋಣೆಯ ಬಾಗಿಲಲ್ಲೇ ನಿಂತಳು. ಅಪ್ಪ ಕನ್ನಡಿಯ ಮುಂದೆ ಬೆನ್ನು ಹಾಕಿ ನಿಂತಿದ್ದರು. ತಿಳಿನೀಲಿ ಅಂಗಿ, ಡಿಪೋದ್ದು. ಕನ್ನಡಿಯಲ್ಲಿ ಅವರ ಕೈ ಕಾಣುತ್ತಿತ್ತು. ಹೆಬ್ಬೆರಳು, ತೋರುಬೆರಳ ನಡುವೆ ಮೇಲಿನಿಂದ ಮೂರನೆಯ ಗುಂಡಿಯನ್ನು ಹಿಡಿದು, ಹಳೆಯ ಗಡಿಯಾರಕ್ಕೆ ಕೀ ಕೊಡುವವರ ಹಾಗೆ, ಒಂದೇ ಕಡೆಗೆ ತಿರುಗಿಸುತ್ತಿದ್ದರು. ತಿರುಗಿಸಿ, ಎಳೆದು ನೋಡಿ, ಮತ್ತೆ ತಿರುಗಿಸಿದರು. ದಾರ ಉದ್ದವಾಗಿ ಗುಂಡಿ ಜೋಲಿತು. ಅಪ್ಪ ಗಂಟಲು ಸರಿಮಾಡಿಕೊಂಡು, ಏನೂ ಅರಿಯದವರಂತೆ ಹಜಾರಕ್ಕೆ ನಡೆದರು.

"ಅಯ್ಯೋ, ನಿಮ್ಮಪ್ಪನ ಗುಂಡಿ ನೋಡು, ಮತ್ತೆ ಜೋತು ಬಿದ್ದಿದೆ," ಎಂದಳು ಅಮ್ಮ. "ಏನು, ಗುಂಡಿಗೆ ಕಟ್ಕೊಂಡು ಬಸ್ಸು ಎಳೀತಾರಾ ಅಂತ ಕೇಳು."

"ಹೊತ್ತಾಯ್ತು, ಹಾಗೇ ಹೋಗ್ತೀನಿ ಅಂತ ಹೇಳು."

"ಹಾಗೇ ಹೋದ್ರೆ ನೋಡಿದೋರು ನನ್ನ ಆಡ್ಕೋತಾರೆ ಅಂತ ಹೇಳು. ನಿಂತ್ಕೊಳ್ಳೋಕೆ ಹೇಳು. ಅಲ್ಲಾಡಬಾರ್ದು ಅಂತ ಹೇಳು."

ಅಷ್ಟರಲ್ಲಿ ಅಮ್ಮ ಸೂಜಿದಾರ ಹಿಡಿದು ಅಪ್ಪನ ಎದೆಗೆ ಒಂದು ಗೇಣು ದೂರದಲ್ಲಿ ನಿಂತಾಗಿತ್ತು. ಅಂಗಿ ಬಿಚ್ಚಿಕೊಡಿ ಎಂದು ಆಕೆ ಹೇಳಿ ಕಳಿಸಲಿಲ್ಲ, ಬಿಚ್ಚಿಕೊಡುತ್ತೇನೆ ಎಂದು ಅವರೂ ಹೇಳಿ ಕಳಿಸಲಿಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬಂತು. ಅಪ್ಪ ಉಸಿರು ಬಿಗಿಹಿಡಿದು ಸೂರು ನೋಡುತ್ತಿದ್ದರು. ಅಮ್ಮನ ಬೈತಲೆ ಅವರ ಗಲ್ಲದ ಕೆಳಗಿತ್ತು. ಕೊನೆಗೆ ಅಮ್ಮ ಬಾಗಿ, ಎದೆಯ ಹತ್ತಿರ ಮುಖ ತಂದು, ಹಲ್ಲಿನಿಂದ ದಾರ ಕಡಿದಳು. ಆ ಒಂದು ಗಳಿಗೆ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿ ಕಳಿಸಲಿಲ್ಲ.

ಬಾಚಣಿಗೆ ಗುಬ್ಬಿಯ ಕೈಯಲ್ಲೇ ಉಳಿಯಿತು. ವರ್ಷಗಳಿಂದ ಕಣ್ಣೆದುರಿಗೇ ನಡೆಯುತ್ತಿದ್ದದ್ದು. ಇನ್ನೂ ಒಂದು ಈಗ ಹೊಳೆಯಿತು. ಅಮ್ಮ ಹೊಲಿದ ದಿಂಬಿನ ಚೀಲದ ಬಟ್ಟೆ ಹರಿಯುತ್ತದೆಯೇ ಹೊರತು ಹೊಲಿಗೆ ಬಿಡುವುದಿಲ್ಲ. ಅಂಥ ಕೈ ಅಪ್ಪನ ಗುಂಡಿಗೆ ಮಾತ್ರ ಎರಡೇ ಸುತ್ತು ಹಾಕಿ ಮುಗಿಸುತ್ತಿತ್ತು.

ಡೈರಿಯ ಕಡೆ ನೋಡಲೂ ಇಲ್ಲ ಅವಳು. ಊಟದ ಡಬ್ಬಿಯನ್ನೂ ಮರೆತು ಓಡಿದಳು.

ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ದೊಡ್ಡಳಿಯನನ್ನು ಬಿಟ್ಟು ಉಳಿದಿಬ್ಬರು ಅಳಿಯಂದಿರನ್ನು ಅವಳು ಒಬ್ಬೊಬ್ಬರಾಗಿ ತಬ್ಬಿ ಹೊತ್ತುಕೊಂಡು ಹೋಗಿ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದಳು. ಉಯ್ಯಾಲೆ, ಕೊಡೆ, ಕಾಗದದ ಹೂವು, ಎಲ್ಲವೂ ಒಂದು ಚೀಲಕ್ಕೆ ಹೋದವು.

"ಏನೇ ಇದು, ಮನೆ ಖಾಲಿ ಮಾಡ್ತಿದ್ದೀಯಾ? ಸೋಮವಾರದವರೆಗೂ ಇದೆಯಲ್ಲೇ ಹೊತ್ತು," ಎಂದಳು ಬಿಲ್ಲಿನಕ್ಕ.

ಗುಬ್ಬಿ ನಕ್ಕಳು. ದೊಡ್ಡಳಿಯನಿಗೆ ತಿಳಿನೀಲಿ ಅಂಗಿಯೊಂದನ್ನು ಆರಿಸಿ, ಇಸ್ತ್ರಿ ಮಾಡಿ ತೊಡಿಸಿದಳು. ಪಕ್ಕದಲ್ಲಿ ಒಂದು ಮರದ ಕುರ್ಚಿ. ಕುರ್ಚಿಯ ತೋಳಿಗೆ ಸಿಕ್ಕಿಸಿದ ಸೂಜಿ, ಅದರ ದಾರ ನೆಲ ಮುಟ್ಟುವಷ್ಟು ಉದ್ದ. ಮೇಲಿನ ದೀಪವನ್ನು ತಿರುಗಿಸಿ ಅಂಗಿಯ ಎದೆಯ ಮೇಲೆ ಬೀಳುವಂತೆ ಮಾಡಿದಳು. ಆಮೇಲೆ ಮೂರನೆಯ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ಕಾರ್ಖಾನೆಯ ಹೊಲಿಗೆ, ಸುಲಭಕ್ಕೆ ಬಗ್ಗಲಿಲ್ಲ. ಬೆರಳ ತುದಿ ಕೆಂಪಾಯಿತು. ತಿರುಗಿಸಿ ತಿರುಗಿಸಿ ಕೊನೆಗೆ ಗುಂಡಿ ಒಂದೇ ಎಳೆಯ ಮೇಲೆ ಜೋತುಬಿತ್ತು. ಇನ್ನೇನು ಬಿತ್ತು ಅನ್ನುವ ಹಾಗೆ, ಆದರೆ ಬೀಳದ ಹಾಗೆ.

ಅವಳು ಇಳಿದು ಕೌಂಟರಿಗೆ ಬರುವಷ್ಟರಲ್ಲೇ ಮೊದಲನೆಯವರು ಒಳಗೆ ಬಂದರು. ಕೈಯಲ್ಲಿ ಚೀಲ ಹಿಡಿದ ಮೇಷ್ಟರಂಥ ಒಬ್ಬರು.

"ಅಲ್ಲಮ್ಮಾ, ಆ ಅಂಗಿ ಗುಂಡಿ ಬೀಳೋ ಹಾಗಿದೆ. ನೋಡ್ಕೊಂಡಿಲ್ವಾ?"

ಗುಬ್ಬಿ ಗಾಜಿನ ಕಡೆ ಒಮ್ಮೆ ನೋಡಿದಳು. "ಸರಿ ಮಾಡ್ತೀವಿ ಸರ್," ಎಂದಳು.

ಅವರು ಹೋದರು. ಹೋಗುವಾಗ ಮತ್ತೆ ಗಾಜಿನ ಮುಂದೆ ನಿಂತು, ತಮ್ಮ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಅವರ ಹಿಂದೆಯೇ ಒಬ್ಬ ಅಜ್ಜಿ ಬಂದಳು. "ಗುಂಡಿ ಹೊಲಿಯೋಕೆ ಗತಿ ಇಲ್ದಿದ್ರೆ ಅಂಗಡಿ ಯಾಕ್ರೇ ಇಡ್ತೀರಾ? ಕೊಡು ಇಲ್ಲಿ, ನಾನೇ ಹಾಕಿ ಕೊಡ್ತೀನಿ," ಎಂದು ಗದರಿ, ಹಾಗೇ ಒಳಗೆ ಹೋಗಿ ಮೊಮ್ಮಗನಿಗೆ ಒಂದು ಚಡ್ಡಿ ತೆಗೆಸಿದಳು. ಆಮೇಲೆ ಒಬ್ಬ ಪೊಲೀಸು. ಆಮೇಲೆ ಹೊಸದಾಗಿ ಮದುವೆಯಾದಂತಿದ್ದ ಜೋಡಿ. ಅವರು ಒಳಗೆ ಬರಲಿಲ್ಲ, ಗಾಜಿನಾಚೆಯೇ ನಿಂತರು. ಕಿಂಡಿಯಿಂದ ಹುಡುಗಿಯ ಮಾತು ಕೇಳಿಸಿತು: "ನಿಂಗೂ ಹಾಗೇ, ತೊಟ್ಟಿರೋ ಅಂಗಿ ಮೇಲೇ ಗುಂಡಿ ಹಾಕಿಕೊಡ್ಲಾ? ಚುಚ್ಚಿದ್ರೆ ಕಿರುಚಬಾರ್ದು."

ಬಂದವರಿಗೆಲ್ಲ ಗುಬ್ಬಿಯ ಉತ್ತರ ಒಂದೇ: ಸರಿ ಮಾಡ್ತೀವಿ. ಒಳಗೊಳಗೇ ಅವಳು ಹಿಗ್ಗುತ್ತಿದ್ದಳು. ನಿಂತರು! ನಿಂತು ನೋಡಿದರು! ಆದರೆ, ಹೌದು, ಅದು ಹಾಗೇ ಇರಬೇಕಾದದ್ದು ಎಂಬ ಇಷ್ಟು ಮಾತು ಮಾತ್ರ ಯಾರ ಮುಂದೆಯೂ ಹೊರಡಲಿಲ್ಲ.

ಯಜಮಾನರು ಗೋದಾಮಿಗೆ ಹೋಗಿದ್ದರು, ಮಧ್ಯಾಹ್ನ ಬರುವವರಿದ್ದರು. ಡಬ್ಬಿ ತಂದಿಲ್ಲವೆಂದು ಹಸಿವಾದಾಗ ನೆನಪಾಯಿತು. ಮೂಲೆಯ ಅಂಗಡಿಯಲ್ಲಿ ಒಂದು ಲೋಟ ಟೀ ಕುಡಿದು ಹಿಂದಿರುಗಿದಳು. ಗಾಜಿನ ಮುಂದೆ ಯಾರೂ ಇರಲಿಲ್ಲ. ಇಬ್ಬರು ಕಾಲೇಜು ಹುಡುಗಿಯರು ಬಂದರು, ಗಾಜಿನಲ್ಲಿ ಕೂದಲು ಸರಿಮಾಡಿಕೊಂಡರು, ಹೋದರು.

ಗುಬ್ಬಿ ಅಂಗಿಯ ಕಡೆ ನೋಡಿದಳು. ಗುಂಡಿ ಎದೆಗೆ ಅಂಟಿ ಕೂತಿತ್ತು. ಬಿಗಿಯಾಗಿ, ನೆಟ್ಟಗೆ, ಉಳಿದ ಗುಂಡಿಗಳಿಗಿಂತ ಚೆಂದವಾಗಿ. ಸೂಜಿ ಕುರ್ಚಿಯ ತೋಳಿನಲ್ಲಿ ಇರಲಿಲ್ಲ.

"ನಾನೇ ಹಾಕಿದೆ ಮಗಳೇ," ಎಂದರು ಟೈಲರ್ ಮಾವ. ಕೊಂಡ ಬಟ್ಟೆಯನ್ನು ಅಳತೆಗೆ ತಿದ್ದಿಕೊಡಲು ಒಳಗಿನ ಮೂಲೆಯಲ್ಲಿ ಮೆಷಿನ್ ಇಟ್ಟುಕೊಂಡು ಕೂರುವ ಅವರಿಗೆ ಎಲ್ಲ ಹುಡುಗಿಯರೂ ಮಗಳೇ. "ಬೆಳಿಗ್ಗೆಯಿಂದ ಬಂದೋರೆಲ್ಲ ನಿನ್ನ ಅಂತಿದ್ರಲ್ಲಾ, ಪಾಪ ಹುಡುಗಿ ಗಡಿಬಿಡಿಯಲ್ಲಿ ಮರೆತಿದಾಳೆ, ಯಜಮಾನರು ಬರೋದ್ರೊಳಗೆ ಸರಿ ಮಾಡ್ಬಿಡೋಣ ಅಂತ. ಎಷ್ಟು ಸುತ್ತು ಹಾಕಿದೀನಿ ಗೊತ್ತಾ? ಅಂಗಿ ಹರಿಬೇಕು, ಗುಂಡಿ ಅಲ್ಲಾಡಲ್ಲ."

ಅವರ ಮುಖದಲ್ಲಿ ಅಷ್ಟು ಒಳ್ಳೆಯತನವಿತ್ತು. ಗುಬ್ಬಿ ಬಾಯಿ ತೆರೆದಳು. ಥ್ಯಾಂಕ್ಸ್ ಮಾವ ಎನ್ನಲು ನಾಲಿಗೆ ತಾನಾಗಿಯೇ ತಯಾರಾಗಿ ನಿಂತಿತ್ತು. ಅದನ್ನು ಹಿಡಿದು ನಿಲ್ಲಿಸಿದಳು. ಬೆನ್ನ ಹಿಂದೆ ಯಜಮಾನರ ಚಪ್ಪಲಿಯ ಸದ್ದಾಯಿತು.

"ಏನಮ್ಮಾ ಇದು? ದಾರಿಯುದ್ದಕ್ಕೂ ನಂಗೆ ಇದೇ ಪೂಜೆ! ಔಷಧಿ ಅಂಗಡಿಯೋನು ಹೇಳ್ತಾನೆ, ಮೇಷ್ಟ್ರು ಹೇಳ್ತಾರೆ, ನಿಮ್ಮಂಗಡಿ ಅಂಗೀಲಿ ಗುಂಡಿ ಜೋತಾಡ್ತಿದೆಯಂತೆ ಅಂತ. ಮಾನ ಹೋಯ್ತಲ್ಲಾ!"

"ಸರಿಯಾಗಿದೆ ಯಜಮಾನ್ರೇ, ನಾನು ಹಾಕ್ಬಿಟ್ಟೆ," ಎಂದು ಟೈಲರ್ ಮಾವ ಮುಂದೆ ಬಂದರು. "ಹುಡುಗಿ ಮರೆತಿದ್ಲು ಅಷ್ಟೇ. ಬಿಟ್ಬಿಡಿ."

"ಮರೆತೆಯಾ?" ಯಜಮಾನರ ಸ್ವರ ಇಳಿಯಿತು. "ಹೋಗ್ಲಿ, ಮರೆವು ಯಾರಿಗಿಲ್ಲ. ಹೆಂಗೂ ಸೋಮವಾರ ಅವರು ಬರ್ತಾರೆ. ನೀನು ಆರಾಮಾಗಿ ಒಳಗೆ ಮಡಚ್ಕೊಂಡಿರು."

ಹೌದು ಎಂದು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಎಲ್ಲರೂ ಅವಳನ್ನು ಕ್ಷಮಿಸಲು ತುದಿಗಾಲಲ್ಲಿ ನಿಂತಿದ್ದರು. ಗುಬ್ಬಿ ಟೈಲರ್ ಮಾವನ ಮೇಜಿನ ಮೇಲಿದ್ದ ಸಣ್ಣ ಕತ್ತರಿಯನ್ನು ಎತ್ತಿಕೊಂಡಳು. ಚಪ್ಪಲಿ ಬಿಟ್ಟು ಗಾಜಿನ ಹಿಂದಕ್ಕೆ ಹತ್ತಿದಳು. ಕತ್ತರಿಯ ತುದಿಯಿಂದ ಟೈಲರ್ ಮಾವನ ಸುತ್ತುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಎಷ್ಟು ಬಿಡಿಸಿದರೂ ಮುಗಿಯದಷ್ಟು ಪ್ರೀತಿಯಿಂದ ಹಾಕಿದ್ದರು ಪುಣ್ಯಾತ್ಮರು.

"ಅಯ್ಯೋ, ಗುಬ್ಬೀ!" ಎಂದಳು ಬಿಲ್ಲಿನಕ್ಕ.

ಎರಡೇ ಎಳೆ ಉಳಿಸಿ ಕತ್ತರಿ ಕೆಳಗಿಟ್ಟಳು. ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು, ಒಂದೇ ಕಡೆಗೆ. ಎಳೆದು ನೋಡಿದಳು. ಮತ್ತೆ ತಿರುಗಿಸಿದಳು. ಗಾಜಿನಾಚೆ ದಾರಿಹೋಕನೊಬ್ಬ ನಿಂತ. ಅವನು ನಿಂತದ್ದು ನೋಡಿ ಇನ್ನಿಬ್ಬರು ನಿಂತರು. ಅವರ ನಡುವೆ ದಾರಿ ಮಾಡಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ಕೈಯಲ್ಲಿ ಊಟದ ಡಬ್ಬಿ.

ಅಮ್ಮ. ಈ ಅಂಗಡಿಯ ಕಡೆ ಎಂದೂ ಬಂದವಳಲ್ಲ. ಮಗಳನ್ನು ನೋಡಿ ಡಬ್ಬಿ ಎತ್ತಿ ತೋರಿಸಬೇಕೆಂದಿದ್ದವಳ ಕೈ ಅರ್ಧಕ್ಕೇ ನಿಂತಿತು. ಅವಳ ಕಣ್ಣು ತಿಳಿನೀಲಿ ಅಂಗಿಯನ್ನು ನೋಡಿತು, ಕುರ್ಚಿಯನ್ನು ನೋಡಿತು, ಆಮೇಲೆ ಮಗಳ ಬೆರಳುಗಳ ಮೇಲೆ ಬಂದು ಕೂತು ಅಲ್ಲೇ ಉಳಿಯಿತು.

"ತಲೆ ಕೆಟ್ಟಿದೆಯೇನಮ್ಮಾ ನಿಂಗೆ?" ಯಜಮಾನರು ಬೆನ್ನ ಹಿಂದೆ ಬಂದು ನಿಂತಿದ್ದರು. ಕೋಪಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು ಆ ಸ್ವರದಲ್ಲಿ. "ಚೆನ್ನಾಗಿರೋ ಗುಂಡೀನ ಕೂತ್ಕೊಂಡು ಸಡಿಲ ಮಾಡ್ತಿದ್ದೀಯಲ್ಲಾ. ಯಾರಾದ್ರೂ ಬೇಕಂತ ಹೀಗೆ ಮಾಡ್ತಾರಾ?"

ಗುಬ್ಬಿ ತಿರುಗಲಿಲ್ಲ. ನೆತ್ತಿಯ ಮೇಲಿನ ಕಿಂಡಿ ತೆರೆದೇ ಇತ್ತು. ಅಲ್ಲಿಂದ ಬೀದಿಯ ಗಾಳಿ, ಯಾರದೋ ಸೈಕಲ್ಲಿನ ಗಂಟೆ, ನಿಂತವರ ಪಿಸುಮಾತು ಒಳಗೆ ಬರುತ್ತಿತ್ತು. ಗುಂಡಿಯಿಂದ ಕೈ ತೆಗೆದಳು. ಅದು ತನ್ನ ಎರಡು ಎಳೆಯ ಮೇಲೆ ಜೋತು, ಹುರಿ ಬಿಚ್ಚಿಕೊಳ್ಳುತ್ತ, ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು. ಗಾಜಿನಾಚೆ ಅಮ್ಮ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಮಾಡ್ತಾರೆ," ಎಂದಳು ಗುಬ್ಬಿ. ಬಾಯಲ್ಲಿ ಸೂಜಿಗಳಿರಲಿಲ್ಲ, ಮಾತು ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು. "ನಮ್ಮಪ್ಪ ಮಾಡ್ತಾರೆ."